ನ್ಯೂಟ್ರಾನ್ ಆಯಸ್ಸಿನ ಅಳತೆ ಹಾದಿ ತಪ್ಪಿದಾಗ: ದೋಷ ಎಲ್ಲಿದೆ ಅಂತ ಹುಡುಕೋದು ಹೇಗೆ

ನ್ಯೂಕ್ಲಿಯಸ್ಸಿನ ಒಳಗೆ ಭದ್ರವಾಗಿ ಕೂತಿರೋ ನ್ಯೂಟ್ರಾನ್ ಎಷ್ಟು ಕಾಲ ಬೇಕಾದ್ರೂ ಇರತ್ತೆ, ಆದ್ರೆ ಹೊರಗೆ ತಂದು ಒಂಟಿಯಾಗಿ ಬಿಟ್ರೆ ಕಾಲು ಗಂಟೆ ಆಸುಪಾಸಲ್ಲಿ ಒಡೆದು ಪ್ರೋಟಾನ್, ಎಲೆಕ್ಟ್ರಾನ್, ಆಂಟಿನ್ಯೂಟ್ರಿನೋ ಆಗತ್ತೆ. ಆ ಕಾಲು ಗಂಟೆ ಅನ್ನೋದನ್ನ ಸರಿಯಾಗಿ ಸೆಕೆಂಡಲ್ಲಿ ಹೇಳಿ ಅಂದ್ರೆ ಮಾತ್ರ ಕಷ್ಟ ಶುರು. ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬಿನವರ ಯುಸಿಎನ್-ಟೌ ಪ್ರಯೋಗ (ನ್ಯೂಟ್ರಾನನ್ನ ಟ್ರ್ಯಾಪಲ್ಲಿ ಕೂಡಿಟ್ಟು ಎಣಿಸೋ ಬಾಟಲ್ ವಿಧಾನ) 2021ರಲ್ಲಿ 877.75 ಸೆಕೆಂಡ್ ಅಂತು, ಅಮೆರಿಕದ್ದೇ ನಿಸ್ಟ್ ಅನ್ನೋ ಅಳತೆ-ಮಾನದಂಡಗಳ ಲ್ಯಾಬಿನ ಬೀಮ್ ಪ್ರಯೋಗ (ಹರಿಯೋ ನ್ಯೂಟ್ರಾನ್ ಧಾರೆ ಬಳಸೋದು) 2013ರಲ್ಲಿ 887.7 ಅಂದಿತ್ತು. ಹತ್ತು ಸೆಕೆಂಡ್ ವ್ಯತ್ಯಾಸ, ಎರಡೂ ಕಡೆಯವರು ಹೇಳೋ ಎರರ್ ಬಾರ್ (ಅಳತೆ ಎಷ್ಟು ಆಚೀಚೆ ಇರಬಹುದು ಅನ್ನೋ ಅಂದಾಜು) ಒಟ್ಟು ಸೇರಿಸಿ ನೋಡಿದ್ರೂ ಅಂತರ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ, ಅಂದ್ರೆ ನಾಲ್ಕು ಸಿಗ್ಮಾ ದಾಟಿದೆ, ಅಂದ್ರೆ ಅದೃಷ್ಟದ ಆಟ ಅಂತ ತಳ್ಳಿಹಾಕೋ ಹಾಗಿಲ್ಲ.

ಈ ಬರಹ ಅಂಥ ಪ್ರಯೋಗದ ಡೇಟಾ ಕೈಲಿ ಹಿಡ್ಕೊಂಡು "ನಂಬರ್ ಯಾಕೋ ಸರಿ ಇಲ್ಲ" ಅಂತ ಕೂತಿರೋರಿಗೆ, ಅಥವಾ ಆ ಪೇಪರ್‌ಗಳನ್ನ ಓದ್ತಾ ಯಾವುದನ್ನ ನಂಬೋದು ಅಂತ ಯೋಚಿಸ್ತಿರೋ ವಿದ್ಯಾರ್ಥಿಗಳಿಗೆ. ಬ್ರಹ್ಮಾಂಡದ ಮೊದಲ ಕೆಲವು ನಿಮಿಷದಲ್ಲಿ ಎಷ್ಟು ನ್ಯೂಟ್ರಾನ್ ಒಡೆಯದೆ ಉಳ್ಕೊಂಡ್ವೋ ಅದ್ರ ಮೇಲೇ ಹೀಲಿಯಂ ಪ್ರಮಾಣ ತೂಕದಲ್ಲಿ ಸುಮಾರು ಕಾಲು ಭಾಗ ಅಂತ ನಿಂತಿರೋದು, ಆ ಲೆಕ್ಕಕ್ಕೆ ಈ ಆಯಸ್ಸೇ ಬೇಕು. ಹಾಗಾಗಿ ಹತ್ತು ಸೆಕೆಂಡ್ ತಾನೆ ಅಂತ ಬಿಡೋಕಾಗಲ್ಲ.

ಮೊದಲು ಒಂದು ಸಣ್ಣ ವಿಷಯ ಮುಗಿಸಿಬಿಡೋಣ. ನಿಮ್ಮ ಉತ್ತರ 608ರ ಹತ್ರ ಬಂದಿದ್ರೆ ಏನೂ ಕೆಟ್ಟಿಲ್ಲ, ನೀವು ಅರ್ಧಾಯುಷ್ಯ (ಅರ್ಧದಷ್ಟು ನ್ಯೂಟ್ರಾನ್ ಒಡೆಯೋಕೆ ಹಿಡಿಯೋ ಸಮಯ) ತೆಗೆದಿದ್ದೀರಿ, 0.693ರಿಂದ ಭಾಗಿಸಿದ್ರೆ ಸರಾಸರಿ ಆಯಸ್ಸು ಬರತ್ತೆ. ಹಳೇ ಪೇಪರ್ ಓದುವಾಗ ಇದು ನೆನಪಿರಲಿ, 1951ರಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ರಾಬ್ಸನ್ ಕೊಟ್ಟ 12.8 ನಿಮಿಷ ಕೂಡ ಅರ್ಧಾಯುಷ್ಯವೇ.

ತಪ್ಪು ಯಾವ ದಿಕ್ಕಿಗೆ ಅಂತ ಮೊದಲು ಕೇಳಿ

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ, ಆದ್ರೆ ಬಹಳ ಜನ ಇದನ್ನ ಬಿಟ್ಟು ಸೀದಾ ದೋಷಗಳ ಪಟ್ಟಿ ಹಿಡ್ಕೊಂಡು ಕೂರ್ತಾರೆ. ಎರಡು ವಿಧಾನದಲ್ಲಿ ಎಣಿಸೋ ವಸ್ತುವೇ ಬೇರೆ. ಬಾಟಲ್ ವಿಧಾನದಲ್ಲಿ ತುಂಬಾ ನಿಧಾನವಾದ, ಅಲ್ಟ್ರಾಕೋಲ್ಡ್ ನ್ಯೂಟ್ರಾನ್‌ಗಳನ್ನ ಒಂದು ಟ್ರ್ಯಾಪಲ್ಲಿ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ಉಳಿದ್ವು ಅಂತ ಎಣಿಸ್ತಾರೆ. ಬೀಮ್ ವಿಧಾನದಲ್ಲಿ ಹರಿಯೋ ಬೀಮ್‌ನ ಒಂದು ಗೊತ್ತಿರೋ ಉದ್ದದಲ್ಲಿ ಸೆಕೆಂಡಿಗೆ ಎಷ್ಟು ಪ್ರೋಟಾನ್ ಹುಟ್ತಾವೆ ಅಂತ ಎಣಿಸ್ತಾರೆ. ಬಾಟಲ್ ಅಂದ್ರೆ ನೀರು ಆರಿಹೋಗೋ ವೇಗ ಅಳೆಯೋಕೆ ಇಟ್ಟ ಕೊಡದ ಹಾಗೆ, ಕೊಡದಲ್ಲಿ ಸಣ್ಣ ತೂತಿದ್ರೆ ಸೋರಿದ್ದೂ ಆರಿದ್ದರ ಲೆಕ್ಕಕ್ಕೇ ಸೇರಿಬಿಡತ್ತೆ, ಹಾಗಾಗಿ ಯಾವ ನಷ್ಟ ಆದ್ರೂ ಆಯಸ್ಸು ಕಮ್ಮಿ ಅಂತಲೇ ಕಾಣತ್ತೆ. ಬೀಮಲ್ಲಿ ಉಲ್ಟಾ, ಪ್ರೋಟಾನ್ ಕೈತಪ್ಪಿದ್ರೆ ಕಮ್ಮಿ ಒಡೀತಿವೆ ಅಂತ ಅರ್ಥ ಬಂದು ಆಯಸ್ಸು ಜಾಸ್ತಿ ಅಂತ ಕಾಣತ್ತೆ.

ಇನ್ನು ಗಾತ್ರ. ಬಾಟಲ್ ಉತ್ತರ 1 ಸೆಕೆಂಡ್ ಕೆಳಗೆ ಇಳೀಬೇಕು ಅಂದ್ರೆ ಸೋರಿಕೆ ಎಷ್ಟಿರಬೇಕು? ಆಯಸ್ಸಿನ ವರ್ಗ ಮಾಡಿ 1ರಿಂದ ಭಾಗಿಸಿ, ಸುಮಾರು 7,70,000 ಸೆಕೆಂಡ್ ಬರತ್ತೆ, ಅಂದ್ರೆ ಹೆಚ್ಚುಕಮ್ಮಿ 9 ದಿನ. ನ್ಯೂಟ್ರಾನ್ ಒಡೆಯದೇ ಇದ್ದಿದ್ರೆ 9 ದಿನ ಹಿಡಿದಿಡೋ ಅಷ್ಟು ಒಳ್ಳೆ ಟ್ರ್ಯಾಪ್ ಕೂಡ ನಿಮ್ಮ ನಂಬರನ್ನ 1 ಸೆಕೆಂಡ್ ಎಳೆದುಹಾಕತ್ತೆ. ಹತ್ತು ಸೆಕೆಂಡ್ ಎಳೀಬೇಕು ಅಂದ್ರೆ 21 ಗಂಟೆ ಸಾಕು. ಬೀಮ್ ಕಡೆ 1 ಸೆಕೆಂಡ್ ಅಂದ್ರೆ ಸಾವಿರಕ್ಕೆ ಒಂದು ಚಿಲ್ಲರೆ ಪ್ರೋಟಾನ್, ಹತ್ತು ಸೆಕೆಂಡ್ ಅಂದ್ರೆ ನೂರಕ್ಕೆ ಒಂದು. ಈ ಅಳತೆ ತಲೇಲಿದ್ರೆ ಯಾವ ಅನುಮಾನ ತೂಕದ್ದು, ಯಾವುದು ಸುಮ್ನೆ ಸಮಯ ಹಾಳು ಅಂತ ತಕ್ಷಣ ಗೊತ್ತಾಗತ್ತೆ.

ಬಾಟಲ್ ಉತ್ತರ ಕಮ್ಮಿ ಬರ್ತಿದ್ರೆ

ಮೊದಲ ಶಂಕೆ ಅರೆಬರೆ ಸಿಕ್ಕಿಹಾಕ್ಕೊಂಡ ನ್ಯೂಟ್ರಾನ್‌ಗಳ ಮೇಲೆ. ಗುರುತ್ವದಿಂದ ಹಿಡಿಯೋ ಟ್ರ್ಯಾಪಲ್ಲಿ ಲೆಕ್ಕ ಸುಲಭ, ನ್ಯೂಟ್ರಾನನ್ನ 1 ಮೀಟರ್ ಎತ್ತೋಕೆ 102 ನ್ಯಾನೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಹಾಗಾಗಿ 50 ನ್ಯಾನೋ ಎಲೆಕ್ಟ್ರಾನ್ ವೋಲ್ಟ್ ಇರೋ ನ್ಯೂಟ್ರಾನ್ ಅರ್ಧ ಮೀಟರ್ ದಾಟಲ್ಲ, ಅದ್ರ ವೇಗ ಸೆಕೆಂಡಿಗೆ ಸುಮಾರು 3 ಮೀಟರ್, ಅಂದ್ರೆ ನಾವು ಓಡಿದ್ರೆ ಹಿಂದಾಕಬಹುದು. ಆದ್ರೆ ತುಂಬಿಸುವಾಗ ಇದಕ್ಕಿಂತ ಸ್ವಲ್ಪ ಜಾಸ್ತಿ ಶಕ್ತಿ ಇರೋವೂ ಬಂದಿರ್ತಾವೆ. ಅವು ತಕ್ಷಣ ಹಾರಿಹೋಗಲ್ಲ, ಅಡ್ಡಡ್ಡ ಓಡಾಡ್ತಾ ನೂರಾರು ಸೆಕೆಂಡ್ ಒಳಗೇ ಇದ್ದು ಆಮೇಲೆ ನಿಧಾನಕ್ಕೆ ತಪ್ಪಿಸ್ಕೊಳ್ತಾವೆ, ಅಷ್ಟರಲ್ಲಿ ನಿಮ್ಮ ಸ್ಟಾಪ್‌ವಾಚ್ ಶುರುವಾಗಿ ಆಗಿರತ್ತೆ. ಇದನ್ನ ತಡೆಯೋಕೆ ಮೇಲಿಂದ ನ್ಯೂಟ್ರಾನ್ ಹೀರೋ ಒಂದು ಹಾಳೆ ಇಳಿಸಿ ಕ್ಲೀನಿಂಗ್ ಮಾಡ್ತಾರೆ.

ಕ್ಲೀನಿಂಗ್ ಸರಿಯಾಗಿದೆಯಾ ಅಂತ ಸಿಮ್ಯುಲೇಶನ್ ನೋಡಿ ಸಮಾಧಾನ ಪಟ್ಕೋಬೇಡಿ. ಕ್ಲೀನರ್ ಎತ್ತರ ಬದಲಾಯಿಸಿ ಒಂದಷ್ಟು ರನ್ (ಒಂದು ಸಲ ತುಂಬಿಸಿ ಎಣಿಸೋ ಸುತ್ತು), ಕ್ಲೀನಿಂಗ್ ಸಮಯ ಎರಡರಷ್ಟು ಮಾಡಿ ಒಂದಷ್ಟು ರನ್, ಆಯಸ್ಸು ಅಲುಗಾಡಿದ್ರೆ ಸಿಕ್ಕಿಬಿತ್ತು. ಇನ್ನೊಂದು ನೇರ ಪರೀಕ್ಷೆ ಇದೆ, ಹಿಡಿದಿಟ್ಟ ಸಮಯ ಮುಗಿದ ಮೇಲೆ ಡಿಟೆಕ್ಟರನ್ನ ಒಮ್ಮೆಗೇ ಕೆಳಗೆ ತರದೆ ಮೊದಲು ಮೇಲಿನ ಎತ್ತರದಲ್ಲಿ ನಿಲ್ಲಿಸಿ, ಅಲ್ಲಿ ಬ್ಯಾಕ್‌ಗ್ರೌಂಡ್‌ಗಿಂತ (ಟ್ರ್ಯಾಪಿನ ನ್ಯೂಟ್ರಾನ್ ಇಲ್ಲದಿದ್ರೂ ಬರೋ ಕೌಂಟಿಗಿಂತ) ಜಾಸ್ತಿ ಕೌಂಟ್ ಬಂದ್ರೆ ಅಲ್ಲಿರಬಾರದ ನ್ಯೂಟ್ರಾನ್ ಇದೆ ಅಂತಲೇ ಅರ್ಥ. ಯುಸಿಎನ್-ಟೌ ಬಟ್ಟಲನ್ನ ಬೇಕಂತಲೇ ಎಡಬಲ ಒಂದೇ ಥರ ಇರದ ಹಾಗೆ ಮಾಡಿರೋದೂ ಇದಕ್ಕೇ, ಅಚ್ಚುಕಟ್ಟಾದ ಆಕಾರ ಇದ್ರೆ ಕೆಲವು ನ್ಯೂಟ್ರಾನ್ ಒಂದೇ ದಾರಿಯಲ್ಲಿ ಸುತ್ತುತ್ತಾ ಕ್ಲೀನರಿಗೆ ಸಿಗದೇ ಉಳಿದುಬಿಡ್ತಾವೆ. ನೋಡೋಕೆ ಚೆಂದ ಇಲ್ಲದ ಆಕಾರವೇ ಇಲ್ಲಿ ಒಳ್ಳೇ ಡಿಸೈನ್, ನನಗೆ ಆ ಪ್ರಯೋಗದಲ್ಲಿ ಅತಿ ಇಷ್ಟವಾದ ಭಾಗ ಅದು.

ಗೋಡೆ ಇರೋ ಬಾಟಲ್ ಆದ್ರೆ ಗೋಡೆ ನಷ್ಟ ಎರಡನೇ ಶಂಕೆ. ಫಾಂಬ್ಲಿನ್ ಅನ್ನೋ ಹೈಡ್ರೋಜನ್ ಇಲ್ಲದ ಎಣ್ಣೆ ಬಳೀತಾರೆ, ಅದು ಸುಮಾರು 106 ನ್ಯಾನೋ ಎಲೆಕ್ಟ್ರಾನ್ ವೋಲ್ಟ್ ತನಕದ ನ್ಯೂಟ್ರಾನನ್ನ ವಾಪಸ್ ಪುಟಿಸತ್ತೆ. ಆದ್ರೂ ಪ್ರತಿ ಸಲ ಬಡಿದಾಗ ಲಕ್ಷಕ್ಕೆ ಒಂದೋ ಅದಕ್ಕಿಂತ ಕಮ್ಮಿಯೋ ಹೀರಿಹೋಗತ್ತೆ ಇಲ್ಲಾ ಗೋಡೆಯ ಬಿಸಿ ತಗೊಂಡು ಹಾರಿಹೋಗತ್ತೆ. ಪರೀಕ್ಷೆ ಏನಂದ್ರೆ ಬಡಿಯೋ ಆವರ್ತನ ಬದಲಾಯಿಸೋದು, ಬೇರೆ ಗಾತ್ರದ ಪಾತ್ರೆ ಇಟ್ಟು ಅಳೆದು, ಬಡಿತ ಸೊನ್ನೆ ಆದ್ರೆ ಎಷ್ಟು ಬರತ್ತೆ ಅಂತ ಗೆರೆ ಎಳೆಯೋದು. ಆ ಗೆರೆ ಎಷ್ಟು ಉದ್ದ ಅನ್ನೋದೇ ನಂಬಿಕೆಯ ಅಳತೆ. ಸೆರೆಬ್ರೋವ್ ಅನ್ನೋ ವಿಜ್ಞಾನಿಯ ತಂಡ ಫ್ರಾನ್ಸಿನ ಗ್ರೆನೋಬಲ್‌ನಲ್ಲಿರೋ ಐಎಲ್‌ಎಲ್ ನ್ಯೂಟ್ರಾನ್ ಲ್ಯಾಬಲ್ಲಿ ತಣ್ಣಗಿನ ಕೋಟಿಂಗ್ ಹಾಕಿ ಗೋಡೆ ನಷ್ಟವನ್ನ ಒಡೆಯೋ ದರದ ಬರೀ 1% ಮಟ್ಟಕ್ಕೆ ಇಳಿಸಿದ್ರು, 2005ರಲ್ಲಿ 878.5 ಅಂತ ಕೊಟ್ರು, ಅದು ಆಗ ಇದ್ದ ಸರಾಸರಿಗಿಂತ ಎಷ್ಟೋ ಕೆಳಗಿತ್ತು. ಆಮೇಲೆ ಹಳೇ ಬಾಟಲ್ ಪ್ರಯೋಗಗಳಲ್ಲಿ ಕೆಲವನ್ನ ಮತ್ತೆ ಲೆಕ್ಕ ಹಾಕಿದಾಗ ಅವೂ ಕೆಳಗೆ ಬಂದ್ವು.

ಗೋಡೆ ಬೇಡ ಅಂತ ಮ್ಯಾಗ್ನೆಟ್ ಟ್ರ್ಯಾಪ್ ಬಳಸಿದ್ರೆ ಗೋಡೆ ಹೋಯ್ತು, ಬದಲಿಗೆ ಡೀಪೋಲರೈಸೇಶನ್ ಬಂತು. ಒಂದು ದಿಕ್ಕಿನ ಸ್ಪಿನ್ (ನ್ಯೂಟ್ರಾನ್ ಪುಟ್ಟ ಮ್ಯಾಗ್ನೆಟ್ ಥರ ಯಾವ ಕಡೆ ಮುಖ ಮಾಡಿದೆ ಅನ್ನೋದು) ಇರೋ ನ್ಯೂಟ್ರಾನನ್ನ ಮಾತ್ರ ಮ್ಯಾಗ್ನೆಟ್ ತಳ್ಳತ್ತೆ, ಫೀಲ್ಡ್ ಸೊನ್ನೆಗೆ ಹತ್ರ ಇರೋ ಜಾಗದಲ್ಲಿ ಸ್ಪಿನ್ ತಿರುಗಿಬಿದ್ರೆ ಅದು ಸೀದಾ ಹೊರಗೆ. ಅದಕ್ಕೇ ಕಾಯಿಲ್ ಹಾಕಿ ಒಂದು ಹೋಲ್ಡಿಂಗ್ ಫೀಲ್ಡ್ ಇಡ್ತಾರೆ. ಕಾಯಿಲ್ ಕರೆಂಟ್ ಬೇಕಂತಲೇ ಕಮ್ಮಿ ಮಾಡ್ತಾ ಹೋಗಿ, ಆಯಸ್ಸು ಎಲ್ಲಿ ಬೀಳೋಕೆ ಶುರುವಾಗತ್ತೆ ನೋಡಿ, ನೀವು ಕೆಲಸ ಮಾಡೋ ಕರೆಂಟ್ ಅಲ್ಲಿಂದ ಎಷ್ಟು ದೂರ ಇದೆ ಅನ್ನೋದೇ ನಿಮ್ಮ ಭದ್ರತೆ.

ಉಳಿದ ಗ್ಯಾಸಿಗೂ ಇದೇ ಮಾತು, ವ್ಯಾಕ್ಯೂಮ್ ಬೇಕಂತಲೇ ಕೆಡಿಸಿ ನೋಡಿ. ಗೇಜ್ ತೋರಿಸೋ ಒಟ್ಟು ಒತ್ತಡ ಮಾತ್ರ ಸಾಲದು, ಒಳಗೆ ಯಾವ ಗ್ಯಾಸ್ ಅಂತ ಗೊತ್ತಿರ್ಬೇಕು, ಹೈಡ್ರೋಜನ್ ಇರೋ ಅಣುಗಳು, ಅಂದ್ರೆ ನೀರಾವಿ, ಎಣ್ಣೆ ಆವಿ, ಇವೇ ಜಾಸ್ತಿ ಹಾನಿ ಮಾಡೋವು. ಒಂದು ಉಪಯೋಗದ ಗುಟ್ಟು: ಗ್ಯಾಸ್ ನಷ್ಟ ನ್ಯೂಟ್ರಾನ್ ವೇಗದ ಮೇಲೆ ಹೆಚ್ಚುಕಮ್ಮಿ ನಿಲ್ಲಲ್ಲ, ಗೋಡೆ ನಷ್ಟ ನಿಲ್ಲತ್ತೆ. ಹಾಗಾಗಿ ನ್ಯೂಟ್ರಾನ್‌ಗಳ ಶಕ್ತಿ ಬದಲಾಯಿಸಿದಾಗ ಆಯಸ್ಸು ಬದಲಾದ್ರೆ ಗೋಡೆನೋ ಕ್ಲೀನಿಂಗೋ ಇರ್ಬೇಕು, ಪಂಪ್ ಮೇಲೆ ಕೋಪ ಮಾಡ್ಕೋಬೇಡಿ.

ಬಾಟಲ್ ಉತ್ತರ ಜಾಸ್ತಿ ಬರ್ತಿದ್ರೆ

ಇಲ್ಲಿ ಜನ ತಬ್ಬಿಬ್ಬಾಗ್ತಾರೆ, ಸೋರಿಕೆ ಆದ್ರೆ ಕಮ್ಮಿ ಬರ್ಬೇಕಲ್ವಾ ಅಂತ. ಸೋರಿಕೆ ಅಲ್ಲ, ಎಣಿಕೆ ನೋಡಿ. ಸರಳವಾಗಿ ಎರಡು ರನ್ ತಗೊಳ್ಳೋಣ, ಒಂದರಲ್ಲಿ 20 ಸೆಕೆಂಡ್ ಹಿಡಿದಿಟ್ರಿ, ಇನ್ನೊಂದರಲ್ಲಿ 1550 ಸೆಕೆಂಡ್. ನಡುವೆ 1530 ಸೆಕೆಂಡ್, ಅಷ್ಟರಲ್ಲಿ ಉಳಿಯೋದು ಸುಮಾರು 17.5%. ಎರಡು ಕೌಂಟ್‌ಗಳ ಅನುಪಾತದಲ್ಲಿ ಸಾವಿರಕ್ಕೆ ಒಂದು ತಪ್ಪಿದ್ರೆ ಆಯಸ್ಸು ಅರ್ಧ ಸೆಕೆಂಡ್ ಆಚೀಚೆ ಹೋಗತ್ತೆ. ಈಗ ನೋಡಿ, ಚಿಕ್ಕ ರನ್ನಲ್ಲಿ ಕೌಂಟ್ ರೇಟ್ ಐದಾರು ಪಟ್ಟು ಜಾಸ್ತಿ, ಡಿಟೆಕ್ಟರಿನ ಡೆಡ್ ಟೈಮಲ್ಲಿ (ಒಂದು ಕೌಂಟ್ ಆದ ಮೇಲೆ ಅದು ಕುರುಡಾಗಿರೋ ಕ್ಷಣದಲ್ಲಿ) ಅಲ್ಲೇ ಜಾಸ್ತಿ ಕೌಂಟ್ ಕಳ್ಕೊಳ್ಳೋದು, ಶುರುವಿನ ನಂಬರ್ ಕಮ್ಮಿ ಕಾಣತ್ತೆ, ಆಯಸ್ಸು ಜಾಸ್ತಿ ಅನ್ಸತ್ತೆ. ಬ್ಯಾಕ್‌ಗ್ರೌಂಡ್ ಪೂರ್ತಿ ಕಳೆದಿಲ್ಲ ಅಂದ್ರೂ ಹಾಗೇ, ಕೌಂಟ್ ಕಮ್ಮಿ ಇರೋ ಉದ್ದ ರನ್ನಿಗೇ ಅದು ಜಾಸ್ತಿ ಅಂಟ್ಕೊಳ್ಳತ್ತೆ, ಅದೂ ಆಯಸ್ಸನ್ನ ಮೇಲಕ್ಕೇ ತಳ್ಳತ್ತೆ. ಸೋರಿಕೆ ಕೆಳಗೆ ಎಳೀತಿರುವಾಗ ಎಣಿಕೆ ತಪ್ಪು ಮೇಲೆ ತಳ್ಳಿ ಎರಡೂ ಸರಿದೂಗಿ ಒಳ್ಳೇ ನಂಬರ್ ಬಂದ್ಬಿಟ್ರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ, ಯಾಕಂದ್ರೆ ಯಾರೂ ಹುಡುಕೋಕೆ ಹೋಗಲ್ಲ.

ಜಿಂಕ್ ಸಲ್ಫೈಡ್ ಸಿಂಟಿಲೇಟರ್ (ಕಣ ಬಡಿದಾಗ ಹೊಳೆಯೋ ಪದರ) ಇದ್ರೆ ಇನ್ನೊಂದು ತೊಂದರೆ, ಅದು ಹೊಳೆದ ಮೇಲೂ ಬಹಳ ಹೊತ್ತು ಒಂದೊಂದೇ ಫೋಟಾನ್ ಬಿಡ್ತಾ ಇರತ್ತೆ. ಎರಡು ಫೋಟೋಟ್ಯೂಬ್ (ಬೆಳಕು ಹಿಡಿಯೋ ಸಾಧನ) ಒಟ್ಟಿಗೆ ಮಿಡಿದ್ರೆ ಮಾತ್ರ ಎಣಿಸೋ ಹಾಗೆ ಮಾಡಿದ್ರೂ ರೇಟ್ ಜಾಸ್ತಿ ಇದ್ದಾಗ ಹಳೇ ಹೊಳಪು ಹೊಸ ಕೌಂಟ್ ಥರ ಸೇರ್ಕೊಳ್ಳಬಹುದು, ಇದು ಡೆಡ್ ಟೈಮಿಗೆ ಉಲ್ಟಾ ದಿಕ್ಕು. ಕೌಂಟ್ ಅಂತ ಒಪ್ಕೊಳ್ಳೋಕೆ ಎಷ್ಟು ಫೋಟಾನ್ ಬೇಕು ಅನ್ನೋ ಮಿತಿ ಬದಲಾಯಿಸ್ತಾ ಅದೇ ಡೇಟಾವನ್ನ ಮತ್ತೆ ಮತ್ತೆ ವಿಶ್ಲೇಷಣೆ ಮಾಡಿ, ಉತ್ತರ ಸಪಾಟಾಗಿ ಬರ್ಬೇಕು. ಬ್ಯಾಕ್‌ಗ್ರೌಂಡನ್ನ ಡಿಟೆಕ್ಟರ್ ಇರೋ ಪ್ರತಿ ಎತ್ತರದಲ್ಲೂ ಬೇರೆ ಬೇರೆ ಅಳೀರಿ, ಎತ್ತರ ಬದಲಾದ್ರೆ ಅದೂ ಬದಲಾಗತ್ತೆ.

ಇನ್ನು ಎಷ್ಟು ತುಂಬಿಸಿದ್ರಿ ಅನ್ನೋ ನಾರ್ಮಲೈಸೇಶನ್. ನ್ಯೂಟ್ರಾನ್ ಕೊಡೋ ಸೋರ್ಸ್ ದಿನವಿಡೀ ಒಂದೇ ಥರ ಕೊಡಲ್ಲ, ಘನ ಡ್ಯೂಟೀರಿಯಂ ಸೋರ್ಸ್ ಆದ್ರೆ ಅದ್ರ ಮೇಲ್ಮೈ ಕೆಡ್ತಾ ಹೋದಂಗೆ ಸಂಖ್ಯೆ ಮಾತ್ರ ಅಲ್ಲ, ನ್ಯೂಟ್ರಾನ್‌ಗಳ ಶಕ್ತಿ ಹಂಚಿಕೆಯೂ ಬದಲಾಗತ್ತೆ. ತುಂಬಿಸಿದ್ದನ್ನ ಎಣಿಸೋ ಮಾನಿಟರ್ ನೋಡೋ ನ್ಯೂಟ್ರಾನ್ ಬೇರೆ, ಟ್ರ್ಯಾಪಲ್ಲಿ ನಿಲ್ಲೋ ನ್ಯೂಟ್ರಾನ್ ಬೇರೆ ಆದ್ರೆ ನಾರ್ಮಲೈಸೇಶನ್ ಮೋಸ ಮಾಡತ್ತೆ. ಬೇರೆ ಬೇರೆ ಎತ್ತರದಲ್ಲಿ ಎರಡು ಮಾನಿಟರ್ ಇಡಿ, ಅವುಗಳ ಅನುಪಾತ ಜಾರ್ತಿದ್ರೆ ಎಚ್ಚರ ಆಗಿ. ರನ್‌ಗಳನ್ನ ಚಿಕ್ಕದು, ಉದ್ದ, ಉದ್ದ, ಚಿಕ್ಕದು ಅನ್ನೋ ಕ್ರಮದಲ್ಲಿ ಹಾಕಿದ್ರೆ ಒಂದೇ ದಿಕ್ಕಿಗೆ ನಿಧಾನಕ್ಕೆ ಜಾರೋ ತಪ್ಪು ಬಹಳ ಮಟ್ಟಿಗೆ ತಾನಾಗೇ ಕಳೆದುಹೋಗತ್ತೆ.

ಬೀಮ್ ಕಡೆ

ಇಲ್ಲಿ ಅನುಪಾತದ ಆಸರೆ ಇಲ್ಲ, ಎರಡು ಸಂಖ್ಯೆಗಳನ್ನ ಪೂರ್ತಿ ನಿಖರವಾಗಿ ಎಣಿಸ್ಬೇಕು, ಎಷ್ಟು ನ್ಯೂಟ್ರಾನ್ ಹೋದ್ವು, ಎಷ್ಟು ಪ್ರೋಟಾನ್ ಬಂದ್ವು. ನ್ಯೂಟ್ರಾನ್ ಎಣಿಸೋದು ಲಿಥಿಯಂ-6 ತೆಳು ಪದರದಿಂದ, ನ್ಯೂಟ್ರಾನ್ ಹೀರಿದಾಗ ಹೊರಬರೋ ಆಲ್ಫಾ ಮತ್ತು ಟ್ರೈಟಾನ್ ಅನ್ನೋ ಕಣಗಳನ್ನ ಹಿಡೀತಾರೆ. ಇದ್ರಲ್ಲಿ ಒಂದು ಸೊಗಸಿದೆ: ನಿಧಾನದ ನ್ಯೂಟ್ರಾನ್, ಪ್ರೋಟಾನ್ ಹಿಡಿಯೋಕೆ ಇಟ್ಟ ಟ್ರ್ಯಾಪಿನ ಉದ್ದದಲ್ಲಿ ಜಾಸ್ತಿ ಹೊತ್ತು ಇರೋದ್ರಿಂದ ಅಲ್ಲಿ ಒಡೆಯೋ ಸಾಧ್ಯತೆ ಜಾಸ್ತಿ, ಅದೇ ಅನುಪಾತದಲ್ಲಿ ಲಿಥಿಯಂ ಅದನ್ನ ಹೀರೋ ಸಾಧ್ಯತೆಯೂ ಜಾಸ್ತಿ, ಹಾಗಾಗಿ ವೇಗದ ಲೆಕ್ಕ ಎರಡೂ ಕಡೆ ಹೊಡೆದುಹೋಗತ್ತೆ. ಪದರ ದಪ್ಪ ಆದ್ರೆ ಮಾತ್ರ ಈ ಹೊಂದಾಣಿಕೆ ಕೆಡತ್ತೆ. ನಿಸ್ಟ್‌ನವರ 2005ರ ಉತ್ತರ 886.3 ಇತ್ತು, ದೊಡ್ಡ ಅನಿಶ್ಚಿತತೆ ನ್ಯೂಟ್ರಾನ್ ಎಣಿಸೋ ಈ ಲಿಥಿಯಂ ಸಾಧನದಿಂದ, ಅಂದ್ರೆ ಫ್ಲಕ್ಸ್ ಮಾನಿಟರಿಂದೇ, ಹಾಗಾಗಿ ಅದನ್ನ ಬೇರೆಯದೇ ವಿಧಾನದಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿದ್ರು. ಅಂತರ ಕಮ್ಮಿ ಆಗಬಹುದು ಅಂತ ನೋಡಿದ್ರೆ 887.7 ಬಂತು, ಎರರ್ ಬಾರ್ ಕಿರಿದಾಯ್ತು, ಅಂತರ ಹಾಗೇ ಉಳೀತು. ಹಾಗಾಗಿ ಈಗ ಯಾರಾದ್ರೂ ಫ್ಲಕ್ಸ್ ಮೇಲೆ ಅನುಮಾನ ಪಟ್ರೆ ಅದಕ್ಕೆ ಬಲವಾದ ಕಾರಣ ಕೊಡ್ಬೇಕು.

ಪ್ರೋಟಾನ್ ಕಥೆ ಬೇರೆ. ಒಡೆದಾಗ ಹುಟ್ಟೋ ಪ್ರೋಟಾನಿಗೆ ಹೆಚ್ಚಂದ್ರೆ 751 ಎಲೆಕ್ಟ್ರಾನ್ ವೋಲ್ಟ್ ಶಕ್ತಿ, ಎಲೆಕ್ಟ್ರಾನಿಗೆ 782 ಕಿಲೋ ಎಲೆಕ್ಟ್ರಾನ್ ವೋಲ್ಟ್ ತನಕ ಸಿಗುವಾಗ ಇದಕ್ಕೆ ಸಿಗೋದು ಇಷ್ಟೇ. ಇಷ್ಟು ಬಡ ಪ್ರೋಟಾನನ್ನ ಯಾವ ಡಿಟೆಕ್ಟರೂ ನೇರವಾಗಿ ಕಾಣಲ್ಲ. ಹಾಗಾಗಿ 4.6 ಟೆಸ್ಲಾ ಫೀಲ್ಡಲ್ಲಿ, ಎರಡೂ ತುದಿಯಲ್ಲಿ ಸುಮಾರು 800 ವೋಲ್ಟ್ ಬಾಗಿಲು ಹಾಕಿ ಕೂಡಿಟ್ಟು, ಆಮೇಲೆ ಬಾಗಿಲು ತೆಗೆದು, 30 ಸಾವಿರ ವೋಲ್ಟ್ ಹತ್ರ ವೇಗ ಕೊಟ್ಟು ಸಿಲಿಕಾನ್ ಡಿಟೆಕ್ಟರಿಗೆ ಬಡೀತಾರೆ. ತಪ್ಪು ಹುಡುಕೋ ಜಾಗ ಇದೇ ದಾರೀಲಿ ಸಾಲಾಗಿ ಸಿಗತ್ತೆ. ಡಿಟೆಕ್ಟರ್ ಮೇಲ್ಪದರದಿಂದ ವಾಪಸ್ ಚಿಮ್ಮಿದ ಪ್ರೋಟಾನ್ ಎಣಿಕೆಗೆ ಬರಲ್ಲ, ಅದಕ್ಕೆ ವೋಲ್ಟೇಜ್ ಬದಲಾಯಿಸಿ, ಬೇರೆ ಬೇರೆ ದಪ್ಪದ ಮೇಲ್ಪದರ ಇರೋ ಡಿಟೆಕ್ಟರ್ ಹಾಕಿ, ಚಿಮ್ಮೋದು ಸೊನ್ನೆ ಆದ್ರೆ ಏನು ಬರತ್ತೆ ಅಂತ ನೋಡ್ಬೇಕು. ಟ್ರ್ಯಾಪಿನ ತುದಿಯಲ್ಲಿ ಬಾಗಿಲು ನಿಜವಾಗಿ ಎಲ್ಲಿದೆ ಅಂತ ಗೊತ್ತಾಗಲ್ಲ, ಅದಕ್ಕೆ ಎಲೆಕ್ಟ್ರೋಡ್ ಸಂಖ್ಯೆ 3ರಿಂದ 10ರ ತನಕ ಬದಲಾಯಿಸಿ ಟ್ರ್ಯಾಪ್ ಉದ್ದ ಜಾಸ್ತಿ ಮಾಡ್ತಾ ಹೋಗಿ ಇಳಿಜಾರು ಮಾತ್ರ ತಗೊಳ್ತಾರೆ, ಎರಡೂ ತುದಿಯ ತಪ್ಪು ಎಲ್ಲಾ ಉದ್ದಕ್ಕೂ ಒಂದೇ ಇರೋದ್ರಿಂದ ಕಳೆದುಹೋಗತ್ತೆ. ನಿಮ್ಮ ಬಿಂದುಗಳು ಸರಳರೇಖೆ ಬಿಟ್ಟು ಬಾಗಿದ್ರೆ, ಅದ್ರಲ್ಲೂ ಉದ್ದ ಟ್ರ್ಯಾಪಲ್ಲಿ, ಮ್ಯಾಗ್ನೆಟ್ ಫೀಲ್ಡ್ ತುದಿಯಲ್ಲಿ ಕಮ್ಮಿ ಆಗಿದೆಯಾ ಅಂತ ಮೊದಲು ನೋಡಿ.

ಬೀಮಿನ ಅಂಚು ಹರಡಿ ಡಿಟೆಕ್ಟರ್ ಆಚೆ ಪ್ರೋಟಾನ್ ಬೀಳ್ತಿದ್ರೆ ಅದೂ ನಷ್ಟವೇ, ಡಿಸ್ಪ್ರೋಸಿಯಂ ಹಾಳೆ ಬೀಮಿಗೆ ಒಡ್ಡಿ ಅದ್ರ ಚಿತ್ರ ತೆಗೆದ್ರೆ ಅಂಚು ಕಾಣತ್ತೆ. ಉಳಿದ ಗ್ಯಾಸ್ ವಿಚಾರ ಇನ್ನೂ ಸೂಕ್ಷ್ಮ, ಕೂಡಿಟ್ಟ ಪ್ರೋಟಾನ್ ಒಂದು ಅಣುವಿಂದ ಎಲೆಕ್ಟ್ರಾನ್ ಕಿತ್ಕೊಂಡು ತಾನು ಹೈಡ್ರೋಜನ್ ಆಗಿ ಹೊರಟುಹೋಗಬಹುದು, ಅಲ್ಲಿ ಉಳಿಯೋದು ಭಾರದ ಅಯಾನು. ಸೆರೆಬ್ರೋವ್ ತಂಡ 2021ರಲ್ಲಿ ನಿಸ್ಟ್ ಪ್ರಯೋಗದ ಬಗ್ಗೆ ಇಂಥ ಪ್ರಶ್ನೆ ಎತ್ತಿತ್ತು, ನಿಸ್ಟ್‌ನವರು ಇದನ್ನೆಲ್ಲ ಮೊದಲೇ ಲೆಕ್ಕಕ್ಕೆ ತಗೊಂಡಿದ್ವಿ, ನಮ್ಮ ತಿದ್ದುಪಡಿ ಸರಿಯಾಗೇ ಇದೆ ಅಂತ ಉತ್ತರ ಕೊಟ್ರು. ವಾದದಲ್ಲಿ ಯಾರು ಗೆದ್ರು ಅನ್ನೋದಕ್ಕಿಂತ ಅಳೆಯೋ ದಾರಿ ಮುಖ್ಯ: ಕೂಡಿಡೋ ಸಮಯ ಜಾಸ್ತಿ ಮಾಡಿ ನೋಡಿ, ಅದಕ್ಕೆ ತಕ್ಕಂತೆ ಪ್ರೋಟಾನ್ ಕಮ್ಮಿ ಆದ್ರೆ ಗ್ಯಾಸ್ ತಿಂತಿದೆ. ಭಾರದ ಅಯಾನು ಡಿಟೆಕ್ಟರಿಗೆ ತಡವಾಗಿ ಬರತ್ತೆ, ಬಾಗಿಲು ತೆಗೆದ ಮೇಲಿನ ಸಮಯದ ಚಿತ್ರದಲ್ಲಿ ಪ್ರೋಟಾನ್ ಗುಡ್ಡದ ಹಿಂದೆ ಇನ್ನೊಂದು ಸಣ್ಣ ದಿಬ್ಬ ಇದೆಯಾ ಅಂತ ಕಣ್ಣಿಟ್ಟು ನೋಡಿ.

ಎಲ್ಲ ಸರಿ ಇದ್ರೂ ಹತ್ತು ಸೆಕೆಂಡ್ ಹೋಗಿಲ್ಲ ಅಂದ್ರೆ

ಆಗ ನ್ಯೂಟ್ರಾನ್ ನೂರಕ್ಕೆ ಒಂದು ಸಲ ಪ್ರೋಟಾನ್ ಕೊಡದೇ ಕಾಣದ ಯಾವುದೋ ಕಣ ಆಗಿಬಿಡ್ತಿದೆಯಾ ಅನ್ನೋ ಪ್ರಶ್ನೆ ಬರತ್ತೆ. ಫೋರ್ನಾಲ್, ಗ್ರಿನ್‌ಸ್ಟೈನ್ ಅನ್ನೋ ಭೌತವಿಜ್ಞಾನಿಗಳು 2018ರಲ್ಲಿ ಇದನ್ನ ಮುಂದಿಟ್ರು, ಯೋಚನೆ ನಿಜಕ್ಕೂ ಚೆನ್ನಾಗಿದೆ, ಬಾಟಲ್ ಎಲ್ಲ ಥರದ ಸಾವನ್ನೂ ಎಣಿಸತ್ತೆ, ಬೀಮ್ ಪ್ರೋಟಾನ್ ಕೊಟ್ಟ ಸಾವನ್ನ ಮಾತ್ರ. ಆದ್ರೆ ಜೊತೆಗೆ ಹೊರಬರಬೇಕಿದ್ದ ಗಾಮಾ ಕಿರಣವನ್ನ ಲಾಸ್ ಅಲಾಮೋಸ್‌ನಲ್ಲಿ ಅದೇ ವರ್ಷ ಹುಡುಕಿದಾಗ ಸಿಗ್ಲಿಲ್ಲ. ಪ್ರೋಟಾನ್, ಎಲೆಕ್ಟ್ರಾನ್ ಅಂಟಿಕೊಂಡೇ ಹೈಡ್ರೋಜನ್ ಆಗಿ ಹುಟ್ಟೋದು ಹತ್ತು ಲಕ್ಷಕ್ಕೆ 4 ಸಲ ಮಾತ್ರ, ಅದು ಎಲ್ಲಿಗೂ ಸಾಲಲ್ಲ. ಬಾಟಲ್, ಬೀಮ್ ಬಿಟ್ಟು ಆಯಸ್ಸು ತಿಳಿಯೋ ಮೂರನೇ ದಾರಿ ಅಂದ್ರೆ ಒಡೆಯುವಾಗಿನ ಎಲೆಕ್ಟ್ರಾನ್ ದಿಕ್ಕಿನ ಅಸಮತೋಲ. ಪರ್ಕಿಯೋ-3 ಪ್ರಯೋಗ 2019ರಲ್ಲಿ ಅದರಿಂದ ಲ್ಯಾಂಬ್ಡಾ (ನ್ಯೂಟ್ರಾನ್ ಎಷ್ಟು ಬೇಗ ಒಡೆಯತ್ತೆ ಅನ್ನೋ ಲೆಕ್ಕಕ್ಕೆ ಬೇಕಾದ ಒಂದು ಅನುಪಾತ) -1.2764 ಅಂತ ಕೊಡ್ತು, ಕಣಭೌತಶಾಸ್ತ್ರದ ಸ್ಟ್ಯಾಂಡರ್ಡ್ ಮಾಡೆಲ್ ಸೂತ್ರಕ್ಕೆ ಹಾಕಿದ್ರೆ ಆಯಸ್ಸು 879ರ ಹತ್ರ ಬರತ್ತೆ, ಅಂದ್ರೆ ಬಾಟಲ್ ಪಕ್ಕ. ಜಪಾನಿನ ಜೆ-ಪಾರ್ಕ್ ಲ್ಯಾಬಲ್ಲಿ ಬೀಮೇ ಬಳಸಿ ಪ್ರೋಟಾನ್ ಬದಲು ಎಲೆಕ್ಟ್ರಾನ್ ಎಣಿಸ್ತಾರೆ, ಅವರ 2024ರ ಉತ್ತರವೂ 877ರ ಹತ್ರ ಬಂದಿದೆ, ಎರರ್ ಬಾರ್ ಇನ್ನೂ ಕೆಲವು ಸೆಕೆಂಡ್ ಅಗಲ ಇದೆ. ಇದನ್ನೆಲ್ಲ ನೋಡಿದ್ರೆ ನನಗೆ ಅನ್ಸೋದು ದೋಷ ಪ್ರೋಟಾನ್ ಎಣಿಕೆಯ ದಾರಿಯಲ್ಲೇ ಎಲ್ಲೋ ಇದೆ ಅಂತ, ಆದ್ರೆ ಅದನ್ನ ಬೆರಳಿಟ್ಟು ತೋರಿಸೋ ತನಕ ಇದು ಅನಿಸಿಕೆ ಮಾತ್ರ.

ಕೊನೆಗೆ ಬ್ಲೈಂಡಿಂಗ್. ಹಿಡಿದಿಟ್ಟ ಸಮಯಕ್ಕೆ ಗುಟ್ಟಾದ ಒಂದು ಗುಣಕ ಸೇರಿಸಿ, ವಿಶ್ಲೇಷಣೆ ಮಾಡೋರಿಗೆ ನಿಜವಾದ ನಂಬರ್ ಕಾಣದ ಹಾಗೆ ಇಡಿ. ಯುಸಿಎನ್-ಟೌನಲ್ಲಿ ಮೂರು ತಂಡ ಬೇರೆ ಬೇರೆಯಾಗಿ ಹೀಗೆ ಲೆಕ್ಕ ಹಾಕಿದ್ವು. 878 ಅಂತ ಕಂಡ ಕೂಡ್ಲೇ ಹುಡುಕಾಟ ನಿಲ್ಲಿಸೋದು, 885 ಅಂತ ಕಂಡ್ರೆ ಮತ್ತೆ ಹುಡುಕೋದು, ಇದು ಎಷ್ಟು ಪ್ರಾಮಾಣಿಕರಿದ್ರೂ ನಡೆಯೋ ಕೆಲಸ, ಬ್ಲೈಂಡ್ ಇಲ್ಲದಿದ್ರೆ ತಡೆಯೋಕಾಗಲ್ಲ. ಮೇಲೆ ಹೇಳಿದ ಪ್ರತಿ ಪರೀಕ್ಷೆಗೂ ಎಷ್ಟು ಅಲುಗಾಡಿದ್ರೆ ದೋಷ ಅಂತ ಒಪ್ತೀರಿ ಅನ್ನೋದನ್ನ ಬ್ಲೈಂಡ್ ತೆಗೆಯೋ ಮುಂಚೆನೇ ಬರೆದಿಡಿ. ತೆಗೆದ ಮೇಲೆ ಏನಾದ್ರೂ ತಪ್ಪು ಸಿಕ್ಕಿದ್ರೆ ತಿದ್ದಬಹುದು, ಆದ್ರೆ ತಿದ್ದೋ ಮುಂಚಿನ ನಂಬರ್, ತಿದ್ದಿದ ನಂಬರ್ ಎರಡನ್ನೂ ಪೇಪರಲ್ಲಿ ಹಾಕಿ.